ಅಪ್ಪನ ರುದ್ರದ ಕ್ಯಾಸೆಟ್ಟನ್ನು ನೀರಿಗೆ ಬಿಡಬೇಕೇ?

ಪ್ರಶ್ನೆ: ನಮ್ಮ ತಂದೆಯವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ದಿನವೂ ಬೆಳಗ್ಗೆ ರುದ್ರ-ಚಮಕ ಹೇಳಿ ಈಶ್ವರನಿಗೆ ಅಭಿಷೇಕ ಮಾಡಿಯೇ ಆಫೀಸಿಗೆ ಹೊರಡುತ್ತಿದ್ದರು. 1992ರಲ್ಲಿ ನಮ್ಮ ಚಿಕ್ಕಪ್ಪ ಅದನ್ನು ಒಂದು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ನಮ್ಮ ಮಗಳು ಅದನ್ನು ಅಜ್ಜಿಯ ಮೊಬೈಲಿಗೆ ಹಾಕಿಕೊಟ್ಟಿದ್ದಾಳೆ. ತಾಯಿ ದಿನವೂ ಪೂಜೆಯ ಹೊತ್ತಿಗೆ ಅದನ್ನು ಹಾಕಿಕೊಂಡು ಲಿಂಗಕ್ಕೆ ನೀರು ಹಾಕುತ್ತಾರೆ. ಪರಿಚಯದ ಜ್ಯೋತಿಷಿಗಳೊಬ್ಬರು, ಹೋದವರ ದನಿಯನ್ನು ಮನೆಯಲ್ಲಿ ಇಟ್ಟುಕೊಂಡರೆ ಜೀವಕ್ಕೆ ಗತಿ ಸಿಗುವುದಿಲ್ಲ, ಪಿತೃದೋಷ ಬರುತ್ತದೆ, ಕ್ಯಾಸೆಟ್ಟನ್ನು ಹರಿಯುವ ನೀರಿಗೆ ಬಿಡಿ ಎಂದಿದ್ದಾರೆ. ತಾಯಿ ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ಇತ್ತ ಮಗನಿಗೆ ಬರುವ ಮಾಘದಲ್ಲಿ ಉಪನಯನ. ರುದ್ರ ಕಲಿ ಎಂದರೆ, "ತಾತನೇ ಹೇಳ್ತಾ ಇದಾರಲ್ಲ, ನಾನ್ಯಾಕೆ?" ಎನ್ನುತ್ತಾನೆ. ಇನ್ನು, ಹಳೆಯ ಧ್ವನಿಗಳನ್ನು ಸಂಗ್ರಹಿಸುವ ಯುವಕರೊಬ್ಬರು ಒಂದು ಪ್ರತಿ ಕೊಡಿ, ಆಸಕ್ತರು ಯಾರು ಬೇಕಾದರೂ ಕೇಳುವ ಹಾಗೆ ಜೋಪಾನವಾಗಿ ಇಡುತ್ತೇನೆ ಎಂದು ಕೇಳುತ್ತಿದ್ದಾರೆ. ನಾವು ಏನು ಮಾಡಬೇಕು?
– ಹೆಸರು ಬೇಡ ಎಂದ ಓದುಗರು, ಬೆಂಗಳೂರು

ಉತ್ತರ: ಮೊದಲು ಒಂದು ಮಾತು. ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ಕ್ಯಾಸೆಟ್ಟು ಇನ್ನೂ ಮನೆಯಲ್ಲೇ ಇದ್ದರೆ, ದಯವಿಟ್ಟು ಅದನ್ನು ನೀರಿಗೆ ಬಿಡಬೇಡಿ. ತಾಯಿಯವರಿಗೆ ಈ ಒಂದು ಸಾಲನ್ನು ಓದಿ ಹೇಳಿ, ಊಟಕ್ಕೆ ಕೂರಿಸಿ. ಮಿಕ್ಕದ್ದನ್ನು ಆಮೇಲೆ ನಿಧಾನವಾಗಿ ಓದಬಹುದು.

ನಾನೂ ಪಂಚಾಂಗ ಬಿಚ್ಚಿ ಕೂರುವವನೇ. ನಾಲ್ಕು ದಶಕದಿಂದ ಜಾತಕ ನೋಡುತ್ತಿದ್ದೇನೆ. ಪಿತೃದೋಷ ಎಂಬುದನ್ನು ಜಾತಕದಲ್ಲಿ ರವಿ, ಒಂಬತ್ತನೇ ಭಾವ, ಅವುಗಳ ಮೇಲೆ ರಾಹು-ಶನಿಗಳ ಸಂಬಂಧ ಇವುಗಳನ್ನು ನೋಡಿ ಹೇಳುತ್ತಾರೆ. ಮನೆಯಲ್ಲಿರುವ ಒಂದು ಟೇಪಿನಿಂದ ದೋಷ ಬರುತ್ತದೆ ಎಂದು ನಾನು ಯಾವ ಗ್ರಂಥದಲ್ಲೂ ಓದಿಲ್ಲ. ಓದಲು ಸಾಧ್ಯವೂ ಇಲ್ಲ, ಏಕೆಂದರೆ ಗ್ರಂಥಗಳು ಬರೆದ ಕಾಲಕ್ಕೆ ಟೇಪು ಇರಲಿಲ್ಲ. ಶಾಸ್ತ್ರದಲ್ಲಿ ಇಲ್ಲದ್ದನ್ನು ಶಾಸ್ತ್ರದ ಹೆಸರಿನಲ್ಲಿ ಹೇಳಿ ಒಬ್ಬ ವಿಧವೆ ತಾಯಿಯನ್ನು ಹೆದರಿಸುವುದಿದೆಯಲ್ಲ, ದೋಷ ಎಂದರೆ ಅದು. ನಮ್ಮ ವೃತ್ತಿಯವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಗತಿಯ ವಿಷಯ. ಹನ್ನೆರಡನೆಯ ದಿನ ಸಪಿಂಡೀಕರಣ ಮಾಡಿದಿರಿ ತಾನೆ? ಅಲ್ಲಿಗೆ ಪ್ರೇತತ್ವ ಕಳೆಯಿತು, ತಂದೆಯವರು ಪಿತೃಗಳ ಸಾಲಿಗೆ ಸೇರಿದರು. ಶ್ರಾದ್ಧದಲ್ಲಿ ತಂದೆಯನ್ನು ವಸುರೂಪ, ತಾತನನ್ನು ರುದ್ರರೂಪ, ಮುತ್ತಾತನನ್ನು ಆದಿತ್ಯರೂಪ ಎಂದು ಹೆಸರು ಹೇಳಿ ಕರೆಯುತ್ತೇವೆ. ಹೆಸರು ಹೇಳಿ ಕರೆದರೆ ಸಿಕ್ಕಿಹಾಕಿಕೊಳ್ಳದ ಜೀವ, ದನಿ ಕೇಳಿದರೆ ಸಿಕ್ಕಿಹಾಕಿಕೊಳ್ಳುತ್ತದೆಯೇ? ನಡುಮನೆಯಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ ಇಟ್ಟಿದ್ದೀರಿ. ಅದು ಕಣ್ಣಿಗೆ ನೆನಪು, ಇದು ಕಿವಿಗೆ ನೆನಪು. ಅಷ್ಟೇ ವ್ಯತ್ಯಾಸ.

ಈಗ ಎರಡನೆಯದು, ಸ್ವಲ್ಪ ಕಷ್ಟದ್ದು. ಮೊಬೈಲು ರುದ್ರ ಹೇಳುತ್ತಿರುವಾಗ ತಾಯಿಯವರು ನೀರು ಹಾಕಿದರೆ ಅದು ರುದ್ರಾಭಿಷೇಕವಾಯಿತೇ? ನಮ್ಮಲ್ಲಿ ಅನೇಕ ಮನೆಗಳಲ್ಲಿ ಹೀಗೇ ನಡೆಯುತ್ತಿದೆ. ಗೃಹಪ್ರವೇಶದಲ್ಲೂ ಸ್ಪೀಕರಿನಲ್ಲಿ ಮಂತ್ರ ಹಾಕಿ, ಪುರೋಹಿತರು ಕೈ ಮಾತ್ರ ಆಡಿಸುವುದನ್ನು ನಾನೇ ನೋಡಿದ್ದೇನೆ. ನನ್ನ ಉತ್ತರ: ಪಾರಾಯಣ ಆಗುವುದಿಲ್ಲ, ಶ್ರವಣ ಆಗುತ್ತದೆ. ಕರ್ಮಕ್ಕೆ ಒಬ್ಬ ಕರ್ತೃ ಬೇಕು. ಅವನು ದೇಶ-ಕಾಲ ಹೇಳಿ ಸಂಕಲ್ಪ ಮಾಡಬೇಕು, ಅವನ ಉಸಿರಿನಿಂದ ಮಂತ್ರ ಹೊರಡಬೇಕು. ತಂದೆಯವರು 1992ರಲ್ಲಿ ಮಾಡಿದ ಸಂಕಲ್ಪ ಆ ದಿನದ ಪೂಜೆಗೆ. ಅದರ ಫಲ ಆ ದಿನವೇ ಸಂದಿತು. ಇವತ್ತಿನ ಬೆಳಗಿಗೆ ಅದನ್ನು ಮತ್ತೆ ಎಣಿಸಲು ಬರುವುದಿಲ್ಲ.

ಹಾಗೆಂದು ಶ್ರವಣ ಕಡಿಮೆಯದು ಎಂದುಕೊಳ್ಳಬೇಡಿ. ವೇದಕ್ಕೆ ಶ್ರುತಿ ಎಂದೇ ಹೆಸರು, ಕೇಳಿದ್ದು ಎಂದು ಅರ್ಥ. ತಾಯಿಯವರು ನೀರು ಹಾಕುವಾಗ ತಾವು "ಶಿವಾಯ ನಮಃ" ಎಂದು ಬಾಯಲ್ಲಿ ಹೇಳಿಕೊಳ್ಳಲಿ. ಆಗ ಅವರ ಪೂಜೆಗೆ ಅವರೇ ಕರ್ತೃ, ಯಜಮಾನರ ದನಿ ಪಕ್ಕದಲ್ಲಿ ಶ್ರವಣಕ್ಕೆ. ಎರಡೂ ಸರಿಯಾಗಿ ಸೇರುತ್ತವೆ. ಒಂದೇ ನಿಯಮ: ಹಾಕಿದ ಮೇಲೆ ಕೂತು ಕೇಳಬೇಕು. ನಮಕ ಹನ್ನೊಂದು ಅನುವಾಕ, ಚಮಕ ಹನ್ನೊಂದು ಅನುವಾಕ, ಎರಡೂ ಸೇರಿ ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಒಂದು ಕಡೆ ಮಿಕ್ಸಿ ತಿರುಗುತ್ತಾ, ಕುಕ್ಕರ್ ಕೂಗುತ್ತಾ, ಮೊಬೈಲು ತನ್ನಷ್ಟಕ್ಕೆ ತಾನು ರುದ್ರ ಹೇಳುತ್ತಿದ್ದರೆ ಅದು ಶ್ರವಣವೂ ಅಲ್ಲ. ಅಷ್ಟಮಿ, ಚತುರ್ದಶಿಯಂಥ ಅನಧ್ಯಯನದ ದಿನ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಆ ನಿಷೇಧ ಪಾಠ ಕಲಿಯುವುದಕ್ಕೆ, ನಿತ್ಯಪೂಜೆಗಲ್ಲ. ಹಾಕಬಹುದು.

ಮೂರನೆಯದು ತಮ್ಮ ಮಗನ ಪ್ರಶ್ನೆ. ಹುಡುಗ ತಲೆಹರಟೆ ಮಾಡಿದ ಎಂದು ಬೈಯಬೇಡಿ. ಅವನು ಕೇಳಿದ್ದು ಒಳ್ಳೆಯ ಪ್ರಶ್ನೆ. ತಾತನ ದನಿ ಭದ್ರವಾಗಿದೆ, ಹಾಗಾದರೆ ನಾನ್ಯಾಕೆ ಕಲಿಯಬೇಕು? ಇದಕ್ಕೆ ಉತ್ತರ ಹೇಳಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಈ ಅಂಕಣದಲ್ಲಿ ಇದುವರೆಗೆ ಹೇಳಿಲ್ಲ.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದ ಕೊನೆಯ ವರ್ಷಗಳು, ಎಂಬತ್ತರ ದಶಕದ ಆರಂಭ. ನಮ್ಮ ಗುರುಗಳು ಘನಪಾಠಿಗಳು. ಒಮ್ಮೆ ಒಬ್ಬ ವಿದ್ವಾಂಸರು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದು, ತಮ್ಮ ಘನಪಾಠವನ್ನು ಮುದ್ರಿಸಿಕೊಳ್ಳುತ್ತೇನೆ, ಮುಂದಿನವರಿಗೆ ಉಳಿಯುತ್ತದೆ ಎಂದು ಕೇಳಿಕೊಂಡರು. ಗುರುಗಳು ಒಪ್ಪಲಿಲ್ಲ. ಕಾಫಿ ಕೊಟ್ಟು ಕಳಿಸಿದರು. ಆಮೇಲೆ ನಮಗೆ ಹೇಳಿದರು: "ಆ ಪೆಟ್ಟಿಗೆಗೆ ತಪ್ಪು ಹೇಳೋಕೆ ಬರಲ್ಲ ಕಣ್ರೋ. ತಪ್ಪು ಹೇಳದೋನಿಗೆ ನಾನು ಏನು ಪಾಠ ಮಾಡಲಿ?" ನಾವು ನಕ್ಕೆವು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇವರು ಹೋದರೆ ಇದೆಲ್ಲ ಹೋಗುತ್ತದಲ್ಲ ಎಂಬ ಭಯ. ಸೋದರಮಾವನ ಮನೆಯಿಂದ ಒಂದು ಸಣ್ಣ ಟೇಪ್‌ರೆಕಾರ್ಡರ್ ತಂದು, ಸಂಜೆಯ ಪಾಠದ ಹೊತ್ತಿಗೆ ಉತ್ತರೀಯದ ಕೆಳಗೆ ಮುಚ್ಚಿಟ್ಟು, ಗುಂಡಿ ಒತ್ತಿದೆ. ಗುರುಗಳಿಗೆ ಗೊತ್ತಾಗಲಿಲ್ಲ. ಅವರು ಇರುವವರೆಗೂ ನಾನು ಹೇಳಲೂ ಇಲ್ಲ.

ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಆ ಕ್ಯಾಸೆಟ್ಟನ್ನು ಹುಡುಕಿ ತೆಗೆದೆ. ಅಟ್ಟದ ಮೇಲಿನ ತೇವಕ್ಕೆ ಬೂಷ್ಟು ಹಿಡಿದಿತ್ತು. ಅವಸರಪಟ್ಟು ಹಾಗೆಯೇ ಪ್ಲೇಯರಿಗೆ ಹಾಕಿದೆ, ಟೇಪು ಸಿಕ್ಕಿಕೊಂಡು ಹರಿಯಿತು. ತಿಳಿದವರ ಕೈಯಲ್ಲಿ ಕೊಟ್ಟು ಅಂಟಿಸಿ ಉಳಿಸಿಕೊಂಡದ್ದು ಹನ್ನೊಂದು ನಿಮಿಷ. ಅದರಲ್ಲಿ ನಾನು ಕದಿಯಬೇಕೆಂದಿದ್ದ ಘನಪಾಠ ಒಂದು ತುಣುಕೂ ಇಲ್ಲ. ಇರುವುದು ಇಷ್ಟೇ: ನಮ್ಮ ಜೊತೆಯ ಸಣ್ಣ ಹುಡುಗನೊಬ್ಬ ಒಂದು ಪದದ ಸ್ವರ ತಪ್ಪುತ್ತಾನೆ. ಗುರುಗಳು "ಮತ್ತೆ ಹೇಳು" ಎನ್ನುತ್ತಾರೆ. ಮತ್ತೆ ತಪ್ಪುತ್ತಾನೆ. "ಮತ್ತೆ." ಹೀಗೆ ಎಷ್ಟು ಸಲವೋ. ಕೊನೆಗೆ ಸರಿಯಾಗಿ ಹೇಳುತ್ತಾನೆ. ಗುರುಗಳು ಹೊಗಳುವುದಿಲ್ಲ, ಮುಂದಿನ ಪದ ಹೇಳಿಕೊಡುತ್ತಾರೆ.

ಆ ಹನ್ನೊಂದು ನಿಮಿಷ ಕೇಳಿದಾಗ ಗುರುಗಳ ಮಾತು ಅರ್ಥವಾಯಿತು. ಯಂತ್ರ ಹೇಳುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ಪಾಠ ಎಂದರೆ ಗುರು ಹೇಳುವುದು ಅರ್ಧ, ಶಿಷ್ಯ ಹೇಳಿದ್ದನ್ನು ಗುರು ಕೇಳುವುದು ಇನ್ನರ್ಧ. ಸಂಥೆ ಹೇಳುವ ಪದ್ಧತಿ ಇರುವುದೇ ಇದಕ್ಕೆ. ಟೇಪಿಗೆ ಮೊದಲ ಅರ್ಧ ಮಾತ್ರ ಗೊತ್ತು.

ನಮ್ಮ ಹಿರಿಯರು ಯಂತ್ರವಿಲ್ಲದೆ ಶಬ್ದವನ್ನು ಹೇಗೆ ಕಾಪಾಡಿದರು ನೋಡಿ. ಸಂಹಿತೆಯನ್ನು ಪದ ಪದವಾಗಿ ಬಿಡಿಸಿದರೆ ಪದಪಾಠ. ಎರಡೆರಡು ಪದ ಜೋಡಿಸುತ್ತಾ ಹೋದರೆ ಕ್ರಮ. ಒಂದು-ಎರಡು, ಎರಡು-ಒಂದು, ಮತ್ತೆ ಒಂದು-ಎರಡು ಎಂದು ಹೆಣೆದರೆ ಜಟೆ. ಅದಕ್ಕೆ ಮೂರನೆಯ ಪದವನ್ನೂ ಸೇರಿಸಿ, ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದರೆ ಘನ. ಒಂದೊಂದು ಪದವೂ ಇಷ್ಟು ಸಲ, ಹಿಂದೆ-ಮುಂದೆ, ಬೇರೆ ಬೇರೆ ನೆರೆಹೊರೆಯಲ್ಲಿ ಬಂದಾಗ ಒಂದು ಅಕ್ಷರ ಜಾರಿದರೂ ಗೊತ್ತಾಗಿಬಿಡುತ್ತದೆ. ಋಗ್ವೇದದ 1028 ಸೂಕ್ತಗಳು ಉಳಿದು ಬಂದದ್ದು ಹೀಗೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾ. ಸ್ವರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ತ್ವಷ್ಟೃವಿನ ಕಥೆ ಇದೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿದ, ಒಂದು ಪದದ ಸ್ವರ ಬದಲಾಯಿತು, ಇಂದ್ರನೇ ಕೊಲ್ಲುವಂಥ ಮಗ ಹುಟ್ಟಿದ. ಈಗ ಯೋಚಿಸಿ, ಸ್ವರ ತಪ್ಪಿದ ಪಾಠವೊಂದು ಟೇಪಿನಲ್ಲಿ ಕೂತರೆ ಆ ತಪ್ಪೂ ಶಾಶ್ವತ. "ಮತ್ತೆ ಹೇಳು" ಎನ್ನುವವರು ಅಲ್ಲಿ ಇಲ್ಲ.

ಹಾಗಾದರೆ ಟೇಪು ವ್ಯರ್ಥವೇ? ಅಲ್ಲ. ಪಾಣಿನೀಯ ಶಿಕ್ಷೆಯಲ್ಲಿ ಕೆಟ್ಟದಾಗಿ ಪಠಿಸುವವರು ಆರು ಬಗೆ ಎಂದಿದ್ದಾರೆ. ರಾಗ ಎಳೆದು ಹಾಡುವವನು, ಓಡಿಸುವವನು, ತಲೆಯಾಡಿಸುವವನು, ಅರ್ಥ ತಿಳಿಯದವನು, ಕ್ಷೀಣ ದನಿಯವನು, ಇವರ ಜೊತೆಗೆ ಬರೆದದ್ದನ್ನು ನೋಡಿ ಓದುವವನನ್ನೂ ಸೇರಿಸಿದ್ದಾರೆ. ಅಂದರೆ ಒಂದು ಕಾಲಕ್ಕೆ ಪುಸ್ತಕದ ಮೇಲೂ ಇದೇ ಅನುಮಾನವಿತ್ತು. ಇವತ್ತು ಪುಸ್ತಕವಿಲ್ಲದ ಪುರೋಹಿತರ ಚೀಲ ಇದೆಯೇ? ನೋಡಿದರೆ ಪುಸ್ತಕಕ್ಕಿಂತ ಟೇಪು ಮೇಲು. ಪುಸ್ತಕದಲ್ಲಿ ಸ್ವರಕ್ಕೆ ಗೆರೆ ಮಾತ್ರ ಇರುತ್ತದೆ, ಟೇಪಿನಲ್ಲಿ ಸ್ವರವೇ ಇರುತ್ತದೆ. ಆದ್ದರಿಂದ ಮಗನಿಗೆ ಹೀಗೆ ಹೇಳಿ: ತಾತನ ದನಿ ಮನೆಯಲ್ಲಿ ಅಭ್ಯಾಸಕ್ಕೆ, ಪಾಠಕ್ಕೆ ಗುರುಗಳು. ಹತ್ತಿರದ ವೇದವಿದ್ವಾಂಸರೊಬ್ಬರಿಗೆ ಮೊದಲು ಆ ಕ್ಯಾಸೆಟ್ಟು ಕೇಳಿಸಿ. ಎಲ್ಲಾದರೂ ಸ್ವರ ತಪ್ಪಿದ್ದರೆ ಅವರು ಹೇಳುತ್ತಾರೆ. ಅದರಿಂದ ತಂದೆಯವರಿಗೆ ಅವಮಾನವೇನೂ ಇಲ್ಲ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲೂ ದಿನ ಬಿಡದೆ ರುದ್ರ ಹೇಳಿದ ಗೃಹಸ್ಥರು ಅವರು.

ಕೊನೆಯದು, ಪ್ರತಿ ಕೇಳುತ್ತಿರುವ ಯುವಕರ ವಿಷಯ. ಇಲ್ಲಿ ಧರ್ಮಸೂಕ್ಷ್ಮ ಇದೆ. ಕುತೂಹಲಕ್ಕೆ ಕೇಳುವವರಿಗೆ ವೇದ ಕೇಳಿಸಬಹುದೇ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಇಂಥವರು ಕೇಳಬಾರದು ಎಂಬ ಮಾತುಗಳು ಹಳೆಯ ಗ್ರಂಥಗಳಲ್ಲಿ ಇರುವುದು ನಿಜ, ಮುಚ್ಚಿಡುವುದಿಲ್ಲ. ಆದರೆ ಈ ಬಾಗಿಲು ತೆರೆದು ನೂರು ವರ್ಷದ ಮೇಲಾಯಿತು. ಆಸ್ಟ್ರಿಯಾದ ವಿಯೆನ್ನಾದಲ್ಲಿ 1899ರಲ್ಲಿ ಧ್ವನಿಗಳನ್ನು ಕೂಡಿಡುವುದಕ್ಕೆಂದೇ ಒಂದು ಭಂಡಾರ ಸ್ಥಾಪಿಸಿದರು. ಅಲ್ಲಿಂದ ಫೆಲಿಕ್ಸ್ ಎಕ್ಸ್‌ನರ್ ಎಂಬ ವಿಜ್ಞಾನಿ 1904-05ರಲ್ಲಿ ಭಾರತಕ್ಕೆ ಬಂದು, ವೇದ ಮತ್ತು ಸಂಸ್ಕೃತ ಪಠಣವನ್ನು ಮುದ್ರಿಸಿಕೊಂಡು ಹೋದರು. ಅಂದು ಆ ಯಂತ್ರದ ಎದುರು ಕೂತು ಮಂತ್ರ ಹೇಳಿದವರೂ ನಮ್ಮಂಥ ವೈದಿಕರೇ ಅಲ್ಲವೇ.

ಇನ್ನೊಂದು ಉದಾಹರಣೆ, ಕೇರಳದ ಪಾಂಜಾಳ್. ಅಲ್ಲಿನ ನಂಬೂದಿರಿಗಳು 1975ರ ಏಪ್ರಿಲಿನಲ್ಲಿ ಹನ್ನೆರಡು ದಿನದ ಅತಿರಾತ್ರ ಅಗ್ನಿಚಯನ ಮಾಡಿದರು. ಪಕ್ಷಿಯ ಆಕಾರದ ಚಿತಿ ಕಟ್ಟಿದರು. ಪಶುವಿನ ಬದಲು ಅಕ್ಕಿಹಿಟ್ಟನ್ನು ಬಾಳೆಲೆಯಲ್ಲಿ ಕಟ್ಟಿ ಉಪಯೋಗಿಸಿದರು. ಡಚ್ ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಮತ್ತು ಜೊತೆಯವರು ಅದನ್ನು ಚಿತ್ರೀಕರಿಸಿ, ಧ್ವನಿ ಮುದ್ರಿಸಿಕೊಂಡರು. ಇದೇ ಕೊನೆಯದಿರಬಹುದು ಎಂಬ ಆತಂಕದಿಂದಲೇ ಇಷ್ಟೆಲ್ಲ ಮಾಡಿದ್ದು. ಆದರೆ 2011ರಲ್ಲಿ ಅದೇ ಪಾಂಜಾಳಿನಲ್ಲಿ ಅತಿರಾತ್ರ ಮತ್ತೆ ನಡೆಯಿತು. ಯಜ್ಞಕ್ಕೆ ಕೂತದ್ದು ಫಿಲ್ಮಿನ ಸುರುಳಿಯಲ್ಲ, ಕಲಿತ ಮನುಷ್ಯರು. ಆದರೂ ಚಿತ್ರೀಕರಿಸಿದ್ದರಿಂದ ನಷ್ಟವೂ ಆಗಲಿಲ್ಲ ಎಂಬುದನ್ನು ಗಮನಿಸಿ.

ಪತಂಜಲಿಗಳ ಮಹಾಭಾಷ್ಯದಲ್ಲಿ ಋಗ್ವೇದಕ್ಕೆ 21, ಯಜುರ್ವೇದಕ್ಕೆ 101, ಸಾಮವೇದಕ್ಕೆ 1000, ಅಥರ್ವಕ್ಕೆ 9 ಶಾಖೆಗಳೆಂದು ಲೆಕ್ಕವಿದೆ. ಯುನೆಸ್ಕೊ 2003ರಲ್ಲಿ ವೇದಪಠಣವನ್ನು ಮನುಕುಲದ ಪರಂಪರೆ ಎಂದು ಸಾರಿದಾಗ, ಉಳಿದಿರುವ ಪಠಣ ಶಾಖೆಗಳು ಹದಿಮೂರು ಮಾತ್ರ ಎಂದಿತು. ಅಪಾಯದಲ್ಲಿರುವ ಪರಂಪರೆಗಳ ಸಾಲಿನಲ್ಲಿ ಮಹಾರಾಷ್ಟ್ರ, ಕೇರಳ, ಒಡಿಶಾಗಳ ಜೊತೆ ನಮ್ಮ ಕರ್ನಾಟಕದ್ದನ್ನೂ ಹೆಸರಿಸಿತು. ಹೋದ ಆ ನೂರಾರು ಶಾಖೆಗಳಲ್ಲಿ ಒಂದರ ಅರ್ಧ ಗಂಟೆಯ ಟೇಪು ಇದ್ದಿದ್ದರೆ, ನಾವು ಯಾರು ಕೇಳಬಹುದು ಯಾರು ಕೇಳಬಾರದು ಎಂದು ಜಗಳವಾಡುತ್ತಿದ್ದೆವೇ? ಕಣ್ಣಿಗೊತ್ತಿಕೊಂಡು ಕೇಳುತ್ತಿದ್ದೆವು. ಆದ್ದರಿಂದ ಕಿವಿ ಯಾರದು ಎಂಬ ಚಿಂತೆಯನ್ನು ನಾನು ಬಿಟ್ಟಿದ್ದೇನೆ. ಕುತೂಹಲವೂ ಒಂದು ಬಾಗಿಲೇ. ಒಪ್ಪದ ಹಿರಿಯರಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ನನಗಿರುವ ಚಿಂತೆ ಬೇರೆ. ಅದು ಒಪ್ಪಿಗೆಯದು. ನನ್ನ ಹನ್ನೊಂದು ನಿಮಿಷ ನನ್ನನ್ನು ಇವತ್ತಿಗೂ ಚುಚ್ಚುವುದು ಅದಕ್ಕೇ. ಗುರುಗಳು ಬೇಡ ಎಂದಿದ್ದರು, ನಾನು ಕದ್ದೆ. ಉದ್ದೇಶ ಒಳ್ಳೆಯದಿತ್ತು ಎಂದು ಎಷ್ಟು ಹೇಳಿಕೊಂಡರೂ ಕದ್ದದ್ದು ಕದ್ದದ್ದೇ. ಕೊನೆಗೆ ಗುರುಗಳ ಮಗನ ಮನೆಗೆ ಹೋಗಿ, ಕ್ಯಾಸೆಟ್ಟನ್ನು ಮುಂದಿಟ್ಟು, ನಡೆದದ್ದು ಹೇಳಿ ನಮಸ್ಕಾರ ಮಾಡಿದೆ. ಅವರು ಕೇಳಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಪ್ಪಯ್ಯ ಮನೇಲೂ ಹೀಗೇ, ಮತ್ತೆ ಹೇಳು ಅಂತಿದ್ರು" ಎಂದರು. ಕ್ಯಾಸೆಟ್ಟು ಈಗ ಅವರ ಬಳಿಯೇ ಇದೆ. ಯಾರಿಗೆ ಕೊಡಬೇಕು, ಬಿಡಬೇಕು ಎಂಬುದು ಅವರ ತೀರ್ಮಾನ.

ತಮ್ಮದು ಹಾಗಲ್ಲ. ತಮ್ಮ ತಂದೆಯವರ ಎದುರಿಗೇ ಚಿಕ್ಕಪ್ಪ ರೆಕಾರ್ಡ್ ಮಾಡಿದ್ದರೆ ಅವರಿಗೆ ಗೊತ್ತಿತ್ತು. ಆದರೆ ಅವರು ಒಪ್ಪಿದ್ದು ಮನೆಯವರು ಕೇಳಲಿ ಎಂದೋ, ಊರೆಲ್ಲ ಕೇಳಲಿ ಎಂದೋ? ಚಿಕ್ಕಪ್ಪ ಇದ್ದರೆ ಅವರನ್ನು ಕೇಳಿ. ಇಲ್ಲದಿದ್ದರೆ ತಾಯಿಯವರ ಮಾತೇ ಕೊನೆಯದು. ಆಸ್ತಿಯಂತೆ ಇದನ್ನು ಗಂಡುಮಕ್ಕಳು ಕೂತು ಭಾಗ ಮಾಡಲಾಗದು. ಆ ದನಿಯ ಜೊತೆ ಬೆಳಗ್ಗೆ ಬೆಳಗ್ಗೆ ಒಲೆ ಹಚ್ಚಿದವರು ಅವರು. ಅವರು ಬೇಡ ಎಂದರೆ ಆ ಯುವಕರಿಗೆ ಕೈಮುಗಿದು ಇಲ್ಲ ಎನ್ನಿ. ಒಪ್ಪಿದರೆ ಕೊಡಿ. ಸಂಕಲ್ಪದಲ್ಲಿ ಮನೆಯವರ ಹೆಸರು, ನಕ್ಷತ್ರ ಬಂದಿದ್ದರೆ, ಮಧ್ಯೆ ಮನೆಮಾತು ಏನಾದರೂ ಇದ್ದರೆ, ಹೊರಗಿನ ಪ್ರತಿಯಲ್ಲಿ ಅಷ್ಟನ್ನು ತೆಗೆಸಿ. ರಿಂಗ್‌ಟೋನಿಗೆ, ಜಾಹೀರಾತಿಗೆ ಬಳಸುವುದಿಲ್ಲ ಎಂದು ಬರೆಸಿಕೊಳ್ಳಿ.

ಜೋಪಾನ ಮಾಡುವ ಬಗ್ಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳಿರುತ್ತವೆ, ಅವನ್ನು ಮುರಿದುಬಿಡಿ. ಆಗ ಅದರ ಮೇಲೆ ಯಾರೂ ಅಪ್ಪಿತಪ್ಪಿ ಬೇರೇನನ್ನೂ ರೆಕಾರ್ಡ್ ಮಾಡಲಾಗದು. ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ತಿಳಿದವರಿಗೆ ಕೊಡಿ. ಮಗಳಿಗೆ ಹೇಳಿ, ಮೊಬೈಲಿನ ಪ್ರತಿ ಒಂದೇ ಸಾಲದು, ಮೂರು ಮಾಡಿ ಬೇರೆ ಬೇರೆ ಮನೆಯಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯ, ಹೆಸರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡು ಎಂದು ತಿಳಿಯಲಿ ಎಂದು. ತಾವೂ ಹಾಗೆ ಮಾಡಿ. ತಂದೆಯವರ ಹೆಸರು, ಗೋತ್ರ, ಸೂತ್ರ, ಊರು, ಅವರಿಗೆ ಪಾಠ ಹೇಳಿದವರು, ರೆಕಾರ್ಡ್ ಆದ ವರ್ಷ ಇಷ್ಟನ್ನೂ ತಾಯಿಯವರ ದನಿಯಲ್ಲೇ ಹೇಳಿಸಿ, ಅದನ್ನು ಮೊದಲಿಗೆ ಸೇರಿಸಿ. ಗ್ರಂಥಕ್ಕೆ ಪೀಠಿಕೆ ಇದ್ದ ಹಾಗೆ. ಅವರ ದನಿಯೂ ಉಳಿಯಲಿ.

ಇದೇ ತಿಂಗಳು ಇನ್ನಿಬ್ಬರು ಓದುಗರು ಬೇರೊಂದು ಪ್ರಶ್ನೆ ಕಳಿಸಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಗ್ರಾಮಫೋನಿನಲ್ಲಿ ಪ್ರಪಂಚದಲ್ಲೇ ಮೊಟ್ಟಮೊದಲು ಮುದ್ರಣವಾದದ್ದು ಮ್ಯಾಕ್ಸ್ ಮುಲ್ಲರ್ ಹೇಳಿದ ಋಗ್ವೇದದ ಮೊದಲ ಸೂಕ್ತವಂತೆ, ನಿಜವೇ? ವಾಟ್ಸ್ಯಾಪಿನಲ್ಲಿ ಸುತ್ತುತ್ತಿರುವ ಈ ಕಥೆಗೆ ಆಧಾರವಿಲ್ಲ. ಎಡಿಸನ್ 1877ರಲ್ಲಿ ತನ್ನ ಯಂತ್ರಕ್ಕೆ ಮೊದಲು ಹೇಳಿದ್ದು ಕುರಿಮರಿಯ ಮೇಲಿನ ಒಂದು ಮಕ್ಕಳ ಪದ್ಯ. ಮ್ಯಾಕ್ಸ್ ಮುಲ್ಲರ್ ಸಾಯಣಭಾಷ್ಯದೊಡನೆ ಋಗ್ವೇದವನ್ನು 1849ರಿಂದ 1874ರವರೆಗೆ ಅಚ್ಚು ಹಾಕಿಸಿದ್ದು ನಿಜ, ಅದು ಸಣ್ಣ ಕೆಲಸವಲ್ಲ. ವೇದಕ್ಕೆ ಇದ್ದ ಹಿರಿಮೆ ಸಾಕು, ಇಲ್ಲದ ಕಥೆಯ ಊರುಗೋಲು ಬೇಡ. ಧ್ವನಿಯನ್ನು ಕಾಪಾಡುವವರು ಸತ್ಯವನ್ನೂ ಕಾಪಾಡಬೇಕು.

ಈಗ ಮಗನಿಗೆ ಒಂದು ಮಾತು. ಮಗೂ, ನಿನ್ನ ತಾತ ಎಲ್ಲಿಯಾದರೂ ಸ್ವಲ್ಪ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು ಆ ಕ್ಯಾಸೆಟ್ಟಿನಲ್ಲಿ ಖಂಡಿತ ಕೇಳಿಸುತ್ತದೆ, ಹುಡುಕಿ ನೋಡು. ರುದ್ರ ಹೇಳುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಅವರಿಗೂ ಯಾರೋ ಹೇಳಿಕೊಟ್ಟಿದ್ದರು. ಕ್ಯಾಸೆಟ್ಟು ತಾತನ ಉಸಿರನ್ನು ಇಟ್ಟುಕೊಂಡಿದೆ, ಆದರೆ ಅದು ತಾನು ಉಸಿರಾಡುವುದಿಲ್ಲ. ನಾಳೆ ಅಜ್ಜಿ ನೀರು ಹಾಕುವಾಗ ಒಂದು ಅನುವಾಕವನ್ನಾದರೂ ನಿನ್ನ ಬಾಯಲ್ಲಿ ಹೇಳುವ ಹಾಗಾದರೆ, ಆವತ್ತು ಆ ಮನೆಯಲ್ಲಿ ಪಾರಾಯಣ ನಡೆಯಿತು ಎಂದು ನಾನು ಧೈರ್ಯವಾಗಿ ಬರೆಯುತ್ತೇನೆ.

ಉಪನಯನಕ್ಕೆ ಮುಹೂರ್ತ ಬೇಕಾದರೆ ವಟುವಿನ ನಕ್ಷತ್ರ, ರಾಶಿ ಬರೆದು ಕಳಿಸಿ. ಕ್ಯಾಸೆಟ್ಟು ಇಡಲು ಮುಹೂರ್ತ ಬೇಡ, ತೇವವಿಲ್ಲದ ಒಂದು ಡಬ್ಬಿ ಸಾಕು.

ತಮ್ಮ ಮನೆತನಕ್ಕೆ ಶುಭವಾಗಲಿ.